ದೊರೆ ಕೂತ ಜಾಗ

ನಮ್ಮ ಕಡೆ ತೋಟದೊಳಗೆ ಮೊದಲು ನಾಯಿ ಹೋಗುತ್ತದೆ, ಅದರ ಹಿಂದೆ ಮನುಷ್ಯರು. ಇದನ್ನು ಯಾರೂ ಕೂತು ಕಾನೂನು ಮಾಡಿದ್ದಲ್ಲ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯ ಎರಡೂ ಬದಿಗೆ ಆನೆಗಳು ಬಂದು ಸೇರಿಕೊಂಡ ಮೇಲೆ ತಾನಾಗಿಯೇ ಆದದ್ದು. ಆನೆ ಅಂದರೆ ಕಾಡಿನಲ್ಲಿರುತ್ತದೆ ಅಂತ ಪೇಟೆಯವರು ತಿಳಿದಿರುತ್ತಾರೆ. ಹಗಲಿಡೀ ಅದು ನಮ್ಮ ಕಾಫಿ ಗಿಡಗಳ ನಡುವೆ ತಂಪಿಗೆ ನಿಂತಿರುತ್ತದೆ. ಆಳೆತ್ತರದ ರೊಬಸ್ಟಾ ಗಿಡ, ಮೇಲೆ ಮೆಣಸಿನ ಬಳ್ಳಿ ಹಬ್ಬಿದ ನೆರಳು ಮರ. ಅಷ್ಟು ದೊಡ್ಡ ಪ್ರಾಣಿ ನಾಲ್ಕು ಗಿಡದಾಚೆ ನಿಂತಿದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಹಾಕುತ್ತಾರೆ, ಆದರೆ ನಮ್ಮ ಹಳ್ಳದ ಕಡೆ ಸಿಗ್ನಲ್ಲೇ ಇಲ್ಲ. ಹಾಗಾಗಿ ನಾಯಿಯನ್ನೇ ನಂಬಿಕೊಂಡಿದ್ದೇವೆ.

ನಮ್ಮ ನಾಯಿಯ ಹೆಸರು ದೊರೆ. ಹಿಂದೆಲ್ಲ ದೊಡ್ಡ ಎಸ್ಟೇಟಿನ ಮಾಲೀಕರನ್ನು ದೊರೆ ಅಂತ ಕರೆಯುತ್ತಿದ್ದರು. ನನ್ನ ಗಂಡ ಹಾಲೇಶ್ ಅಂಗೈಯಗಲದ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದ ದಿನ, "ನಮ್ಮ ಇಷ್ಟಗಲ ತೋಟಕ್ಕೂ ಒಬ್ಬ ದೊರೆ ಬೇಡ್ವಾ" ಅಂತ ಅದೇ ಹೆಸರಿಟ್ಟರು. ಬೆಳೆದು ಅದು ಹೆಸರಿಗೆ ತಕ್ಕ ಹಾಗೇ ಆಯಿತು. ಕಂದು ಬಣ್ಣ, ಅಗಲ ಎದೆ, ಯಾರಿಗೂ ಬಾಲ ಅಲ್ಲಾಡಿಸದ ಗತ್ತು. ಬೊಗಳುವುದು ಮಾತ್ರ ಕಡಿಮೆ, ಅದೇ ನಮ್ಮ ಪುಣ್ಯ. ಬೊಗಳುವ ನಾಯಿ ಆನೆಯನ್ನು ಕೆಣಕಿ, ಕೊನೆಗೆ ಯಜಮಾನನ ಕಾಲಿನ ಹತ್ತಿರಕ್ಕೇ ಓಡಿ ಬರುತ್ತದೆ, ಅದರ ಬೆನ್ನಿಗೇ ಆನೆ. ದೊರೆ ಹಾಗೆ ಮಾಡುತ್ತಿರಲಿಲ್ಲ. ಆನೆಯ ವಾಸನೆ ಸಿಕ್ಕರೆ ದಾರಿಯ ಮಧ್ಯೆ ಸುಮ್ಮನೆ ಕೂತುಬಿಡುತ್ತಿತ್ತು. ಅದು ಕೂತರೆ ನಾವು ಮರುಮಾತಿಲ್ಲದೆ ಹಿಂದಿರುಗುತ್ತಿದ್ದೆವು.

ಇದು ಆಟದ ಮಾತಲ್ಲ. ಹೋದ ವರ್ಷ ಪಕ್ಕದ ತೋಟದ ಯೋಗೇಶ್ ಬೆಳಿಗ್ಗೆ ಮೋಟರ್ ಹಾಕಲು ಹೋದವನು ನಾಯಿಯನ್ನು ಕರೆದುಕೊಂಡು ಹೋಗಲಿಲ್ಲ. ಈಗ ಬಂದೆ, ಕಾಫಿ ಆರೋದ್ರೊಳಗೆ ಬಂದೆ ಅಂದಿದ್ದನಂತೆ ಹೆಂಡತಿಗೆ. ಅವನನ್ನು ಕಂಬಳಿಯಲ್ಲಿ ಸುತ್ತಿ ತಂದರು. ಕಂಬಳಿ ಬಿಚ್ಚಬೇಡಿ, ಹೆಂಗಸರು ನೋಡಬೇಡಿ ಅಂದರು. ನಾನು ಆವತ್ತಿನಿಂದ ಹಾಲೇಶ್ ತೋಟಕ್ಕಿಳಿಯುವಾಗ ಮೊದಲು ದೊರೆಯ ಬೆನ್ನು ನೋಡುತ್ತೇನೆ, ಆಮೇಲೆ ಗಂಡನ ಬೆನ್ನು. ಆ ನಾಯಿ ಮುಂದಿದ್ದರೆ ಇವರು ಮನೆಗೆ ಬರುತ್ತಾರೆ, ಅಷ್ಟೇ ನನ್ನ ಲೆಕ್ಕಾಚಾರ.

ಈ ಸಲ ಸಂಕ್ರಾಂತಿ ಕಳೆದು ರೊಬಸ್ಟಾ ಕುಯ್ಲು ಶುರುವಾದಾಗ ದೊರೆ ಹಳ್ಳದ ಬ್ಲಾಕಿಗೆ ಹೋಗುವ ತಿರುವಿನಲ್ಲಿ ಕೂತಿತು. ಮನೆಯ ಹಿಂದಿನ ಕಣದಿಂದ ಹೊರಟ ದಾರಿ ಅಲ್ಲಿಯವರೆಗೆ ಸಮನಾಗಿದ್ದು, ಆ ತಿರುವಿನಲ್ಲಿ ಒಮ್ಮೆಲೇ ಹಳ್ಳಕ್ಕೆ ಇಳಿಯುತ್ತದೆ. ಕುಯ್ಲಿನ ಹೆಂಗಸರನ್ನು ಕರೆದುಕೊಂಡು ಬರುವವಳು ವಸಂತಮ್ಮ, ಇಪ್ಪತ್ತು ವರ್ಷದಿಂದ ಕಾಫಿ ಕುಯ್ದ ಕೈ, ಬಾಯಿ ಅದಕ್ಕಿಂತ ಜೋರು. ಅವಳು ನಾಯಿ ಕೂತದ್ದನ್ನು ನೋಡಿದ್ದೇ ತಡ, "ನಡೀರ್ರೇ, ದೊರೆ ಬ್ಯಾಡ ಅಂದ" ಅಂತ ಎಲ್ಲರನ್ನೂ ತಿರುಗಿಸಿಕೊಂಡು ಮೇಲಿನ ಬ್ಲಾಕಿಗೆ ಹೋದಳು.

ಮರುದಿನವೂ ಅಲ್ಲೇ ಕೂತಿತು. ಅದರ ಮರುದಿನವೂ. ವಾರ ಕಳೆದರೂ ಆ ತಿರುವು ದಾಟಲಿಲ್ಲ. ಆನೆ ಹಳ್ಳದಲ್ಲೇ ಠಿಕಾಣಿ ಹೂಡಿದೆ ಅಂತ ಸುದ್ದಿ ಹಬ್ಬಿತು. ಒಬ್ಬರು ಗುಂಪು ಅಂದರು, ಇನ್ನೊಬ್ಬರು ಒಂಟಿ ಸಲಗ ಅಂದರು. ಲದ್ದಿ ಕಂಡವರಿಲ್ಲ, ಹೆಜ್ಜೆ ಕಂಡವರಿಲ್ಲ, ಆದರೂ ಎಲ್ಲರಿಗೂ ಗೊತ್ತು! ಹಾಲೇಶ್ ಅಂತೂ ಹೋದಲ್ಲೆಲ್ಲ ದೊರೆಯ ಗುಣಗಾನ. "ನಾಯಿ ಅಂದ್ರೆ ಇದು ಮಾರಾಯ, ಇಷ್ಟು ದಿನದಲ್ಲಿ ನಮ್ಮನ್ನ ಒಂದು ಹೆಜ್ಜೆ ಕೆಳಗೆ ಬಿಟ್ಟಿಲ್ಲ" ಅಂತ ಜೀಪಿನ ನವಾಜ್‌ಗೆ ಹೇಳುವುದನ್ನು ನಾನೇ ಕೇಳಿಸಿಕೊಂಡೆ. ಹಳ್ಳದ ಬ್ಲಾಕಿನಲ್ಲಿ ಹಣ್ಣು ಕೆಂಪಗೆ ಜೋತು ಬಿದ್ದಿತ್ತು. ಅಲ್ಲಿಗೆ ಯಾರೂ ಇಳಿಯಲಿಲ್ಲ.

ನನಗೆ ಅನುಮಾನ ಬಂದದ್ದು ತೋಟದಲ್ಲಲ್ಲ, ಅಡುಗೆಮನೆ ಬಾಗಿಲಲ್ಲಿ. ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಹಾರಿಕೊಂಡು ಬರುತ್ತಿದ್ದ ನಾಯಿ ಈಗ ಮೆಟ್ಟಿಲ ಕೆಳಗೆ ನಿಂತು ನನ್ನ ಮುಖ ನೋಡುತ್ತಿತ್ತು. ಮೂರು ಮೆಟ್ಟಿಲು, ಅಷ್ಟೇ. ಹಿಂದಿನ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸಿ ಹತ್ತುತ್ತಿತ್ತು. ಏಳುವಾಗ ಮುಂಗಾಲು ಊರಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಹಿಂಭಾಗ ಎಳೆದುಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತಿತ್ತು, ಅದಕ್ಕೇ ಯಾರ ಗಮನಕ್ಕೂ ಬಂದಿರಲಿಲ್ಲ. ಜಗುಲಿಯ ನುಣುಪು ನೆಲದ ಮೇಲೆ ಕಾಲು ಜಾರಿ ಒಂದು ದಿನ ಹೊಟ್ಟೆ ಅಡಿಯಾಗಿ ಬಿತ್ತು, ಎದ್ದು ನಮ್ಮ ಕಡೆ ನೋಡದೆ ಹೋಯಿತು. ಎಡಗಾಲಿನ ಉಗುರು ಸವೆಯದೆ ಉದ್ದ ಬೆಳೆದಿತ್ತು. ಸೊಂಟದ ಹತ್ತಿರ ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ಕೂದಲು ಕೆಂಪಾಗಿತ್ತು.

"ರೀ, ದೊರೆಗೆ ಕಾಲು ನೋವು" ಅಂದೆ ಹಾಲೇಶ್ ಹತ್ತಿರ.

"ಎಂತ ನೋವು? ಕುಂಟ್ತದಾ? ಕೂಗ್ತದಾ?"

"ಕೂಗ್ಲೇಬೇಕಾ? ತಿರುವಿನಲ್ಲಿ ಕೂರೋದು ಆನೆಗಲ್ಲ. ಅಲ್ಲಿಂದ ಕೆಳಗೆ ಇಳಿಜಾರು, ಅದಕ್ಕೆ ಇಳಿಯೋಕೆ ಆಗ್ತಿಲ್ಲ."

ಅವರು ತಟ್ಟೆಯಿಂದ ತಲೆ ಎತ್ತಿದರು. "ಭುವನಾ, ನೀನು ಹಿಂಗೆಲ್ಲ ಆಳುಗಳ ಎದುರು ಹೇಳ್ಬೇಡ ಮಾರಾಯ್ತಿ. ಆ ನಾಯಿಗೆ ಕಾಲು ನೋವು ಅಂದ್ರೆ ನಾಳೆಯಿಂದ ಅದರ ಮಾತು ಯಾರು ನಂಬ್ತಾರೆ?"

ಅವರಿಗೆ ನಾಯಿಯ ಕಾಲಿಗಿಂತ ನಾಯಿಯ ಮರ್ಯಾದೆ ದೊಡ್ಡದಾಗಿತ್ತು. ಮೈಯೆಲ್ಲ ಉರಿಯಿತು ನನಗೆ. ಅದೇ ಸಂಜೆ ಅವರು ತಮ್ಮ ಬೆನ್ನುನೋವಿಗೆ ತಂದಿಟ್ಟಿದ್ದ ಮಾತ್ರೆಯೊಂದನ್ನು ಅರ್ಧ ಮುರಿದು, ಬೆಲ್ಲದಲ್ಲಿ ಅದುಮಿ, ದೊರೆಯ ಬಾಯಿಗೆ ಹಿಡಿಯುತ್ತಿದ್ದುದನ್ನು ಕಂಡೆ. ಅಂದರೆ ಒಳಗೊಳಗೇ ಅನುಮಾನ ಇತ್ತು! ಕೈಯಿಂದ ಕಿತ್ತು ಬಚ್ಚಲಿಗೆ ಎಸೆದು, ನವಾಜ್‌ಗೆ ಫೋನ್ ಮಾಡಿದೆ.

ನವಾಜ್ ಬೆಳಿಗ್ಗೆ ಜೀಪ್ ತಂದ. ಹಿಂದೆ ಮಡಚಿದ ಕಂಬಳಿ ಹಾಸಿ, "ಅಕ್ಕ, ದೊರೆಗಳು ಹತ್ತಬಹುದು" ಅಂದ. ದೊರೆ ಜೀಪಿನ ಹಲಗೆಯ ಮೇಲೆ ಮುಂಗಾಲು ಇಟ್ಟು ಹಾಗೇ ನಿಂತಿತು. ಮೊದಲು ಜೀಪ್ ಕಂಡರೆ ನಮಗಿಂತ ಮುಂಚೆ ಸೀಟು ಹಿಡಿಯುತ್ತಿದ್ದ ಪ್ರಾಣಿ. ನವಾಜ್‌ನ ಮುಖದ ನಗು ಹೋಯಿತು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು.

ಮೂಡಿಗೆರೆಯ ಡಾಕ್ಟರು ಪ್ರಸನ್ನಕುಮಾರ್ ಅವಸರದವರಲ್ಲ. ಮೊದಲು ದೊರೆಯನ್ನು ಅಂಗಳದಲ್ಲಿ ನಡೆಸಿ ಹಿಂದಿನಿಂದ ನೋಡಿದರು. ತೊಡೆ ಮುಟ್ಟಿ, "ನೋಡಿಮ್ಮಾ, ಇಲ್ಲಿ ಮಾಂಸವೇ ಇಲ್ಲ, ಭಾರ ಎಲ್ಲಾ ಮುಂದಕ್ಕೆ ಹಾಕಿ ನಡೀತಿದೆ, ಎದೆ ನೋಡಿ ಎಷ್ಟು ದಪ್ಪ" ಅಂದರು. ಆಮೇಲೆ ಎಡಗಾಲನ್ನು ಹಿಡಿದು ನಿಧಾನ ಹಿಂದಕ್ಕೆ ಎಳೆದರು. ದೊರೆ ಕೂಗಲಿಲ್ಲ. ಮೈ ಬಿಗಿ ಮಾಡಿ, ತಲೆ ತಿರುಗಿಸಿ ಡಾಕ್ಟರ ಕೈ ನೋಡಿ, ತುಟಿ ನೆಕ್ಕಿಕೊಂಡಿತು.

"ಇದೇ ನೋವು" ಅಂದರು ಅವರು. "ನಾಯಿ ಅಂದ್ರೆ ಅತ್ತುಬಿಡ್ತದೆ ಅಂತ ಕಾಯ್ತಾ ಕೂತ್ರೆ ತಡ ಆಗ್ತದೆ. ಕೀಲಿಗೆ ಒತ್ತಿದಾಗ ತಲೆ ತಿರುಗಿಸ್ತದೆ, ತುಟಿ ನೆಕ್ತದೆ, ಕೆಲವು ಗುರ್ ಅಂತಾವೆ. ನೀವೂ ಮನೇಲಿ ಹೀಗೇ ಮೆಲ್ಲಗೆ ಹಿಡಿದು ನೋಡ್ತಾ ಇರಿ."

ಎಕ್ಸ್‌ರೇಯಲ್ಲಿ ಸೊಂಟದ ಕೀಲು ಒರಟಾಗಿತ್ತು. ಸಂಧಿವಾತ ಅಂದರು. ನಮ್ಮ ಮನೆಗಳಲ್ಲಿ ಅಜ್ಜಿಯರು ಮಂಡಿ ಹಿಡಿದುಕೊಂಡು ಏಳುತ್ತಾರಲ್ಲ, ಅದೇ ಕಾಯಿಲೆ. ಪೂರ್ತಿ ವಾಸಿಯಾಗುವುದಿಲ್ಲ, ನೋವು ಕಡಿಮೆ ಮಾಡಿ ಚೆನ್ನಾಗಿ ಇಟ್ಟುಕೊಳ್ಳಬಹುದು. ತೂಕ ಇಳಿಸಬೇಕು, ಮಲಗಲು ತಣ್ಣನೆಯ ನೆಲ ಬೇಡ, ಜಾರುವ ಕಡೆ ಗೋಣಿ ಹಾಸಬೇಕು, ಉಗುರು ಕತ್ತರಿಸಬೇಕು. ದಿನಾ ಸಮತಟ್ಟಿನಲ್ಲಿ ಸ್ವಲ್ಪ ಸ್ವಲ್ಪ ನಡೆಸಬೇಕು, ಗುಡ್ಡ ಇಳಿಸುವುದು ಸದ್ಯಕ್ಕೆ ಬೇಡ. ನಾಯಿಯ ತೂಕ ನೋಡಿ ಕೊಟ್ಟ ಮಾತ್ರೆ ಊಟದ ಜೊತೆ. ವಾಂತಿಯಾದರೆ, ಕಪ್ಪಗೆ ಕಕ್ಕಸು ಹೋದರೆ ನಿಲ್ಲಿಸಿ ಫೋನ್ ಮಾಡಬೇಕು.

"ಮನುಷ್ಯರ ನೋವಿನ ಮಾತ್ರೆ ಮಾತ್ರ ಒಂದು ಚೂರೂ ಕೊಡ್ಬೇಡಿ. ಹೊಟ್ಟೆ, ಕಿಡ್ನಿ ಹಾಳಾಗಿ ಸತ್ತೇ ಹೋಗ್ತದೆ" ಅಂದಾಗ ಬಚ್ಚಲಿಗೆ ಎಸೆದ ಬೆಲ್ಲದ ಉಂಡೆ ನನಗೆ ನೆನಪಾಯಿತು. ದೊರೆ ಆಗ ಡಾಕ್ಟರ ಮೇಜಿನ ಕೆಳಗೆ ಎಡಗಾಲನ್ನು ಹೊರಗೆ ಚಾಚಿ, ಸೊಂಟ ವಾಲಿಸಿ ಕೂತಿತ್ತು. "ಈ ಥರ ಕೂರೋದೂ ಅದಕ್ಕೇ" ಅಂದರು ಡಾಕ್ಟರು. "ಕಾಲು ಮಡಚಿದ್ರೆ ನೋವು. ನೆಟ್ಟಗೆ ಕೂತ ದಿನ ನಂಗೆ ಹೇಳಿ."

ಮನೆಗೆ ಬಂದು ನಾನು ಯುದ್ಧವನ್ನೇ ಸಾರಿದೆ. ಜಗುಲಿಗೆ ಗೋಣಿ ಬಂತು. ಮೆಟ್ಟಿಲ ಪಕ್ಕ ಹಲಗೆ ಇಳಿಬಿಟ್ಟು ಅದಕ್ಕೂ ಗೋಣಿ ಹೊಡೆಸಿದೆ. ಕಾಫಿ ಹಣ್ಣಿನ ಹಳೇ ಚೀಲದೊಳಗೆ ಹತ್ತಿ ತುಂಬಿ ದಪ್ಪ ಹಾಸಿಗೆ ಮಾಡಿದೆ. ಕುಯ್ಲಿನ ಹೆಂಗಸರು ತಮ್ಮ ಬುತ್ತಿಯಿಂದ ಒಬ್ಬೊಬ್ಬರೂ ಒಂದೊಂದು ತುತ್ತು ಹಾಕಿ ಅದನ್ನು ಕುಂಬಳಕಾಯಿ ಮಾಡಿದ್ದರು. "ಇನ್ಮೇಲೆ ಒಂದು ಅಗುಳು ಹಾಕಿದವಳಿಗೆ ನನ್ನ ಮನೇಲಿ ಕಾಫಿ ಇಲ್ಲ" ಅಂದೆ. ವಸಂತಮ್ಮ ನಕ್ಕಳು, ಆದರೆ ನಿಲ್ಲಿಸಿದಳು. ಬೆಳಿಗ್ಗೆ ಬಿಸಿನೀರಿನ ಬಟ್ಟೆಯಿಂದ ಸೊಂಟಕ್ಕೆ ಶಾಖ ಕೊಡುವಾಗ ದೊರೆ ಕಣ್ಣು ಮುಚ್ಚಿ, ಗತ್ತೆಲ್ಲ ಬಿಟ್ಟು ನನ್ನ ಮಡಿಲಿಗೆ ತಲೆ ಹಾಕುತ್ತಿತ್ತು. ನನಗೆ ಅದರ ಮೇಲೆ ಎಷ್ಟು ಪ್ರೀತಿ ಅಂತ ಆಗ ಗೊತ್ತಾಯಿತು.

ವಾರಗಳು ಕಳೆದ ಹಾಗೆ ಅದು ಸುಧಾರಿಸಿತು. ಏಳುವಾಗಿನ ಯೋಚನೆ ಕಡಿಮೆಯಾಯಿತು. ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಹತ್ತಿತು. ಒಂದು ಸಂಜೆ ಕಣದಲ್ಲಿ ಕೂತದ್ದನ್ನು ನೋಡಿದೆ, ಎರಡೂ ಕಾಲು ಮೈಯಡಿಗೆ ಸೇರಿಸಿ ನೆಟ್ಟಗೆ ಕೂತಿತ್ತು. ಖುಷಿ ತಡೆಯದೆ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ.

ನನ್ನ ಗಂಡನದು ಈಗ ಇನ್ನೊಂದು ರೋಗ. ಯಾವತ್ತೂ ಅರ್ಧಕ್ಕೆ ನಿಲ್ಲುವ ಮನುಷ್ಯರಲ್ಲ ಅವರು. ಕಾಲು ನೋವೇ ಇಲ್ಲ ಅನ್ನುತ್ತಿದ್ದವರು ಎಕ್ಸ್‌ರೇ ನೋಡಿದ್ದೇ ಪೂರ್ತಿ ಆ ಕಡೆಗೆ ತಿರುಗಿದರು. "ಅಂದ್ರೆ ಹಳ್ಳದಲ್ಲಿ ಆನೆ ಇರ್ಲೇ ಇಲ್ಲ! ಈ ನಾಯಿ ಸೊಂಟ ಹಿಡ್ಕೊಂಡು ಕೂತಿದ್ದಕ್ಕೆ ನಾವು ಬೆಪ್ಪರ ಹಾಗೆ ವಾಪಸ್ ಬಂದ್ವಿ."

"ಕಾಲು ನೋವು ಅಂದಿದ್ದು ನಾನು. ಆನೆ ಇಲ್ಲ ಅಂದಿದ್ದು ಯಾರು?" ಅಂತ ಕೇಳಿದೆ. "ಸೊಂಟ ನೋಯೋ ನಾಯಿಗೆ ಮೂಗು ಇರಲ್ವಾ?"

ಅವರು ಕೇಳಿಸಿಕೊಳ್ಳಲಿಲ್ಲ. ಹಳ್ಳದ ಬ್ಲಾಕಿನಲ್ಲಿ ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರುತ್ತಿದೆ ಅಂತ ಅವರಿಗೆ ಅದೊಂದೇ ಧ್ಯಾನ. ನನಗೆ ಬೇರೆ ಧ್ಯಾನ ಹತ್ತಿತ್ತು. ಕಣದ ಅಂಚಿನಲ್ಲಿ ನಿಂತರೆ ಹಳ್ಳದ ಆಚೆ ದಂಡೆಯ ಬೈನೆ ಮರಗಳ ತಲೆ ಕಾಣುತ್ತದೆ. ಕಾಫಿ ಹರವುವಾಗ ದಿನಾ ನೋಡುವ ಸಾಲು ಅದು. ಒಂದು ಬೆಳಿಗ್ಗೆ ಆ ಸಾಲಿನಲ್ಲಿ ಆಕಾಶ ಹೆಚ್ಚಾಗಿ ಕಂಡಿತು. ಒಂದು ತಲೆ ಇರಲಿಲ್ಲ. ಬೈನೆ ಅಂದರೆ ಆನೆಗೆ ಪ್ರಾಣ ಅಂತ ಇಲ್ಲಿಯ ಮಕ್ಕಳಿಗೂ ಗೊತ್ತು. ಹಾಲೇಶ್‌ಗೆ ತೋರಿಸಿದೆ. "ಗಾಳಿಗೆ ಬಿದ್ದಿರ್ತದೆ" ಅಂದರು. ಆ ವಾರ ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಗಂಡನಿಗೆ ಹೇಳಿದ್ದಾಯಿತು, ವಸಂತಮ್ಮನಿಗೂ ಹೇಳಿದೆ. ಅವಳದು ಒಂದೇ ಮಾತು. "ಅಕ್ಕ, ನಂಗೆ ನಿಮ್ ಬೈನೆನೂ ಗೊತ್ತಿಲ್ಲ, ಎಕ್ಸ್‌ರೇನೂ ಗೊತ್ತಿಲ್ಲ. ದೊರೆ ಮುಂದೆ ಹೋದ್ರೆ ನಾವು ಹಿಂದೆ ಬರ್ತೀವಿ. ಅದು ಹೋಗ್ಲಿಲ್ಲ ಅಂದ್ರೆ ಅಣ್ಣ ಕಾಲು ಹಿಡಿದ್ರೂ ಬರಲ್ಲ."

"ಆಯ್ತು" ಅಂದರು ಹಾಲೇಶ್. "ನಾಳೆ ದೊರೆ ಮುಂದೆ ಹೋಗ್ತದೆ."

ಬೆಳಿಗ್ಗೆ ಮಂಜು ಹಳ್ಳದಿಂದ ಮೇಲೆದ್ದಿರಲಿಲ್ಲ. ದೊರೆಗೆ ಊಟದ ಜೊತೆ ಮಾತ್ರೆ ಕೊಟ್ಟು, ಶಾಖ ಕೊಟ್ಟು, ಕಾಲು ಹಿಡಿದು ನೋಡಿದೆ. ಆರಾಮಾಗಿ ಚಾಚಿತು. ಅದು ಮುಂದೆ, ಹಿಂದೆ ಹಾಲೇಶ್, ಅವರ ಹಿಂದೆ ನಾನು, ನನ್ನ ಹಿಂದೆ ಚೀಲ ಹೆಗಲಿಗೆ ಹಾಕಿಕೊಂಡ ಹೆಂಗಸರು. ನಾನು ಬರುವುದು ಬೇಡ ಅಂದಿದ್ದರು ಇವರು. ಮನೆಯಲ್ಲಿ ಕೂತು ಕಿವಿ ಕೊಟ್ಟುಕೊಂಡು ಸಾಯುವುದಕ್ಕಿಂತ ಇದೇ ವಾಸಿ ಅಂತ ಹೊರಟಿದ್ದೆ.

ಕಣ ದಾಟಿ ದಾರಿಯಲ್ಲಿ ದೊರೆ ಚೆನ್ನಾಗಿಯೇ ನಡೆಯಿತು. ತಿರುವಿಗೆ ಬಂದಾಗ ನಿಂತಿತು. ಮೂಗನ್ನು ಸ್ವಲ್ಪ ಎತ್ತಿತು. ಆಮೇಲೆ ಕೂತಿತು.

ಹಿಂದೆ ಹೆಂಗಸರೂ ನಿಂತರು. ಹಾಲೇಶ್ ತಿರುಗಿ ನೋಡಿದರು, ಅವರ ಮುಖದಲ್ಲಿ ಭಯ ಇರಲಿಲ್ಲ, ಬೇಸರ ಇತ್ತು. "ನಿನ್ನೆ ಜಾಸ್ತಿ ನಡೆಸಿದ್ಯಾ ಇದನ್ನ?" ಅಂತ ನನ್ನನ್ನು ಕೇಳಿದರು.

ನಾನು ದೊರೆಯನ್ನೇ ನೋಡುತ್ತಿದ್ದೆ. ಎಡಗಾಲು ಹೊರಗೆ ಚಾಚಿರಲಿಲ್ಲ. ಸೊಂಟ ವಾಲಿರಲಿಲ್ಲ. ಎರಡೂ ಕಾಲನ್ನು ಮೈಯಡಿಗೆ ಸೇರಿಸಿ, ಕಿವಿ ಮುಂದೆ ಮಾಡಿ, ನೆಟ್ಟಗೆ ಕೂತಿತ್ತು. ಎರಡು ತಿಂಗಳು ಅದರ ಸೊಂಟವನ್ನೇ ನೋಡಿಕೊಂಡು ಬದುಕಿದವಳು ನಾನು. ಇದು ನೋವಿನ ಕೂರುವಿಕೆ ಅಲ್ಲ.

"ರೀ, ಬೇಡ" ಅಂದೆ, ದನಿ ಏರಿಸದೆ. "ನೆಟ್ಟಗೆ ಕೂತಿದೆ ನೋಡಿ. ನೋವಿದ್ರೆ ಹಿಂಗೆ ಕೂರಲ್ಲ. ಆನೆ ಇದೆ."

"ನೀನೇ ಅಲ್ವಾ ಇಳಿಜಾರು ಕಂಡ್ರೆ ಕೂರ್ತದೆ ಅಂದಿದ್ದು?"

"ಆಗ ಅಂದೆ. ಈಗ ಇದನ್ನ ಹೇಳ್ತಾ ಇದೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ವಾಪಸ್ ಹೋಗೋಣ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಬಗ್ಗುತ್ತಾರೆ ಅಂತಲೇ ಅಂದುಕೊಂಡೆ. ಆದರೆ ಹಿಂದೆ ಹೆಂಗಸರೆಲ್ಲ ನೋಡುತ್ತಿದ್ದರು, ಹೆಂಡತಿ ಎಲ್ಲರೆದುರು ಕಾಲಿಗೆ ಬೀಳುವ ಮಾತಾಡಿದ್ದಳು, ಗಂಡಸಿಗೆ ಅಷ್ಟು ಸಾಕು. ಬಗ್ಗಿ ದೊರೆಯ ಎದೆಯ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಹಾಕಿ ಎತ್ತಿಕೊಂಡರು. "ಪಾಪ, ಇಳಿಯೋಕಾಗ್ತಿಲ್ಲ, ಕೆಳಗೆ ಬಿಡ್ತೀನಿ, ಅಲ್ಲಿಂದ ನಡೀತದೆ" ಅಂದು ಇಳಿಯತೊಡಗಿದರು. ದೊರೆ ಅವರ ತೋಳಿನಲ್ಲಿ ಗಡಗಡ ನಡುಗುತ್ತಿತ್ತು. ಕೊಸರಲಿಲ್ಲ. ಅವರ ಭುಜದ ಮೇಲಿಂದ ನನ್ನನ್ನು ನೋಡುತ್ತಾ ಹೋಯಿತು.

ಆಗ ಆದದ್ದು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಅಳುವೂ ಬರುತ್ತದೆ. ವಸಂತಮ್ಮ ಹಿಂದಿನಿಂದ, "ದೊರೆ ಮುಂದೆ ಹೋಯ್ತಲ್ಲ, ಬರ್ರೇ" ಅಂದಳು. ಅವಳ ಷರತ್ತು ಪೂರೈಸಿತ್ತು. ಎತ್ತಿಕೊಂಡು ಹೋದರೂ ಮುಂದೆ ಹೋದ ಹಾಗೇ ಲೆಕ್ಕ! ನಾನು ದಾರಿಗೆ ಅಡ್ಡ ನಿಂತು ಎರಡೂ ಕೈ ಅಗಲಿಸಿದೆ. "ಒಬ್ಬಳು ಕಾಲಿಟ್ರೆ ನೋಡಿ" ಅಂದೆ. ನನ್ನ ಮುಖದಲ್ಲಿ ಏನಿತ್ತೋ, ವಸಂತಮ್ಮ ನಿಂತಳು. ಹಾಲೇಶ್ ಅಷ್ಟರಲ್ಲಿ ಗಿಡಗಳ ಮರೆಗೆ ಹೋಗಿದ್ದರು.

ಒಣಗಿದ ಎಲೆಯ ಮೇಲೆ ಅವರ ಬೂಟಿನ ಸದ್ದು ಸ್ವಲ್ಪ ಹೊತ್ತು ಬಂತು, ಆಮೇಲೆ ಅದೂ ಇಲ್ಲ. ಹಕ್ಕಿ ಕೂಗುತ್ತಿರಲಿಲ್ಲ ಅಂತ ನನಗೆ ಆಗ ಗಮನಕ್ಕೆ ಬಂತು. ಕೊಳೆತ ಹುಲ್ಲಿನಂಥ ವಾಸನೆ ಮಂಜಿನ ಜೊತೆ ಮೇಲೆ ಬಂತು.

ಮೊದಲು ಒಂದು ರೆಂಬೆ ಮುರಿಯಿತು. ಆಮೇಲೆ ಆ ಕೂಗು. ಅದನ್ನು ದೂರದಿಂದ ಎಷ್ಟೋ ಸಲ ಕೇಳಿದ್ದೇನೆ, ಅಷ್ಟು ಹತ್ತಿರದಿಂದ ಕೇಳಿದಾಗ ಕಾಲಿನ ಕೆಳಗಿನ ನೆಲಕ್ಕೇ ಕೇಳಿಸಿದ ಹಾಗಾಯಿತು. ಗಿಡಗಳು ಒಂದರ ಹಿಂದೊಂದು ಬಾಗುತ್ತಾ ನಮ್ಮ ಕಡೆಗೆ ಬಂದವು, ಅವುಗಳ ಮುಂದೆ ಹಾಲೇಶ್. ಟೋಪಿ ಇಲ್ಲ, ಬಾಯಿ ತೆರೆದಿದೆ, ನೋಡುವ ಕಣ್ಣು ಏನನ್ನೂ ನೋಡುತ್ತಿಲ್ಲ. ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದರು. ಹೆಂಗಸರು ಚೀಲ ಎಸೆದು ಆಗಲೇ ಕಣ ದಾಟಿದ್ದರು. ಟಾರು ರಸ್ತೆಗೆ ಬಂದು ಬಿದ್ದಾಗ ಹಿಂದೆ ಏನೂ ಬರುತ್ತಿರಲಿಲ್ಲ. ತಿರುವಿನವರೆಗೆ ಬಂದ ಆನೆ ಅಲ್ಲೇ ನಿಂತುಬಿಟ್ಟಿತ್ತು. ಅದರ ಬೆನ್ನಿನ ಕಪ್ಪು ಗಿಡಗಳ ಮೇಲೆ ಸ್ವಲ್ಪ ಕಂಡು ಮರೆಯಾಯಿತು.

ನಾನು ಅವರ ತಲೆ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದೆ. ಬದುಕಿದ್ದಾರೆ, ಗೀರು ಬಿಟ್ಟರೆ ಗಾಯವಿಲ್ಲ. ದೇವರೇ ಅಂತ ಅಲ್ಲೇ ಕೂತೆ. ವಸಂತಮ್ಮ ಏದುಸಿರು ಬಿಡುತ್ತಾ ಸುತ್ತ ನೋಡಿ, "ಅಣ್ಣ, ದೊರೆ ಎಲ್ಲಿ?" ಅಂದಳು.

ಹಾಲೇಶ್ ತಮ್ಮ ಎರಡೂ ಕೈ ನೋಡಿಕೊಂಡರು. ತೋಳಿನ ಮೇಲೆ ಕಂದು ಕೂದಲು ಅಂಟಿತ್ತು.

"ಕೆಳಗೆ ಹಾಕ್ಬಿಟ್ಟೆ" ಅಂದರು. "ಓಡ್ತದೆ ಅಂದ್ಕೊಂಡೆ."

ನನಗೆ ಬಾಯಿತುಂಬ ಮಾತಿತ್ತು. ಗಂಡ ಉಳಿದ ಸಂತೋಷ ಒಂದು ಕಡೆ, ಅವರನ್ನು ಅಲ್ಲೇ ಹಿಡಿದು ಹೊಡೆಯಬೇಕೆನ್ನುವ ಸಿಟ್ಟು ಒಂದು ಕಡೆ. ಅವರು ವಾಪಸ್ ಹೋಗಲು ಎದ್ದಾಗ ಅಂಗಿ ಹಿಡಿದು ಕೂರಿಸಿದೆ. ನಾಯಿಯನ್ನು ಬಿಟ್ಟುಕೊಟ್ಟು ಗಂಡನನ್ನು ಹಿಡಿದುಕೊಂಡೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಅರಣ್ಯ ಇಲಾಖೆಯ ಹುಡುಗರು ಬಂದು ಪಟಾಕಿ ಹೊಡೆದರು. ತಿರುವಿನಿಂದ ಸ್ವಲ್ಪ ಕೆಳಗಿನವರೆಗೆ ಹೋಗಿ ಬಂದರು. ಅವರಲ್ಲಿ ದಯಾನಂದ ಅನ್ನುವವನು ಹಣೆ ಒರೆಸಿಕೊಳ್ಳುತ್ತಾ ಹೇಳಿದ, "ಒಂದಲ್ಲ ಅಣ್ಣ, ಮರಿ ಕಟ್ಕೊಂಡು ಇದ್ದಾವೆ. ಬೈನೆ ಎಲ್ಲಾ ಸೀಳಿ ಹಾಕಿದಾವೆ. ಆದ್ರೆ ಬಂದು ತುಂಬಾ ದಿನ ಆಗಿಲ್ಲ, ಲದ್ದಿ ನೋಡಿದ್ರೆ ಎರಡು ವಾರ ಇರ್ಬಹುದು. ಈ ಕಡೆ ಮನುಷ್ಯರ ಓಡಾಟ ನಿಂತು ಬಹಳ ಕಾಲ ಆಗಿದ್ಯಾ? ಗಲಾಟೆ ಇಲ್ಲದ ಜಾಗ ಅಂತ ಮರಿ ಇಟ್ಕೊಂಡಿದಾವೆ. ಈಗ ಎಬ್ಬಿಸಿದ್ರೂ ಹೋಗಲ್ಲ."

ಆನೆ ಇಲ್ಲದಿದ್ದಾಗ ಇದೆ ಅಂತ ನಾವು ಜಾಗ ಬಿಟ್ಟುಕೊಟ್ಟೆವು, ಬಿಟ್ಟುಕೊಟ್ಟದ್ದಕ್ಕೇ ಅದು ಬಂತು. ಹಾಲೇಶ್ ತಲೆ ಎತ್ತಲಿಲ್ಲ. "ಅಲ್ಲಿ ನಾಯಿ ಏನಾದ್ರೂ..." ಅಂತ ಕೇಳಲು ಹೋಗಿ ನಿಲ್ಲಿಸಿದರು. ದಯಾನಂದ ಇಲ್ಲ ಅಂತ ತಲೆ ಆಡಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ದೊರೆ ಬಂತು. ದಾರಿಯಲ್ಲಿ ಬರಲಿಲ್ಲ, ಪಕ್ಕದ ತೋಟದ ಬೇಲಿ ನುಸುಳಿ ರಸ್ತೆ ಚರಂಡಿಯಲ್ಲಿ ನಿಂತು ನಿಂತು ಬಂತು. ಮೈಯ ಒಂದು ಬದಿ ಪೂರ್ತಿ ಹಸಿಮಣ್ಣು ಮೆತ್ತಿತ್ತು. ಕಾಫಿ ಗಿಡದ ಸಾಲಿನಲ್ಲಿ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಯೊಳಗೆ ಅಲ್ಲಾಡದೆ ಬಿದ್ದುಕೊಂಡಿತ್ತು ಅಂತ ಕಾಣುತ್ತದೆ. ಓಡಿದವರ ಹಿಂದೆ ಆನೆ ಓಡಿತ್ತು, ಓಡಲಾರದ್ದನ್ನು ಬಿಟ್ಟಿತ್ತು. ನಾನು ಅತ್ತುಬಿಟ್ಟೆ. ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಚೀಲದ ಹಾಸಿಗೆಯ ಮೇಲೆ ಮಲಗಿಸಿ ಅನ್ನ ಹಾಕಿದೆ. ನನ್ನ ಕೈಯಿಂದ ತಿಂದಿತು.

ಹಾಲೇಶ್ ಬಾಗಿಲಲ್ಲಿ ನಿಂತಿದ್ದವರು ಹತ್ತಿರ ಬಂದು ಮಂಡಿ ಊರಿ ಕೂತರು. "ದೊರೆ" ಅಂದರು. ಅದರ ಹೆಸರನ್ನು ಅಷ್ಟು ಮೆತ್ತಗೆ ಅವರು ಕರೆದದ್ದನ್ನು ನಾನು ಕೇಳಿರಲಿಲ್ಲ. ಎರಡೂ ಕೈ ಚಾಚಿ ಎದೆಯ ಕೆಳಗೆ ಹಾಕಲು ಹೋದರು. ದೊರೆಯ ಗಂಟಲಿನೊಳಗಿಂದ ಗುರ್ ಅನ್ನುವ ಸದ್ದು ಸಣ್ಣಗೆ ಶುರುವಾಗಿ ದಪ್ಪವಾಯಿತು. ಮರಿಯಾಗಿ ಚೀಲದಲ್ಲಿ ಬಂದ ದಿನದಿಂದ ಅದು ಅವರಿಗೆ ಹಲ್ಲು ತೋರಿಸಿರಲಿಲ್ಲ.

ಹಾಲೇಶ್ ಕೈ ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದರು. "ಬಿದ್ದಿದ್ದಕ್ಕೆ ಕಾಲು ನೋಯ್ತಿರ್ಬೇಕು ಅಲ್ವಾ?" ಅಂದರು. "ನೋಡು ಭುವನಾ, ನಿಂಗೆ ಗೊತ್ತಾಗ್ತದಲ್ಲ. ನೋವಿಗೇ ಅಲ್ವಾ ಗುರ್ ಅಂದಿದ್ದು?"

ನಾನು ಎಡಗಾಲನ್ನು ಹಿಡಿದು ಡಾಕ್ಟರು ಹೇಳಿಕೊಟ್ಟ ಹಾಗೆ ಮೆಲ್ಲಗೆ ಹಿಂದಕ್ಕೆ ಎಳೆದೆ. ಆಮೇಲೆ ಬಲಗಾಲು. ಆಮೇಲೆ ಸೊಂಟದ ಕೀಲಿಗೆ ಬೆರಳು ಒತ್ತಿದೆ. ಮೈ ಬಿಗಿಯಾಗಲಿಲ್ಲ, ತುಟಿ ನೆಕ್ಕಲಿಲ್ಲ. ನನ್ನ ಕೈಯನ್ನು ಅದು ನೋಡಲೂ ಇಲ್ಲ, ಕಣ್ಣೆಲ್ಲ ಅವರ ಕೈಯ ಮೇಲೇ ಇತ್ತು. ಕೆಳಗೆ ಹಳ್ಳದಲ್ಲಿ ಇನ್ನೊಂದು ಬೈನೆ ಮರ ಸೀಳುವ ಸದ್ದು ಮನೆಯವರೆಗೂ ಬಂತು.

"ಹೇಳೇ" ಅಂದರು ಅವರು.

ಹೌದು ಅಂದುಬಿಡೋಣ ಅನ್ನಿಸಿತು. ಮನುಷ್ಯ ಅಷ್ಟು ಬೇಡಿಕೊಳ್ಳುತ್ತಿದ್ದರು. ಆದರೆ ನಾಳೆ ಮತ್ತೆ ಅದನ್ನು ಎತ್ತಿಕೊಳ್ಳಲು ಬಂದರೆ?

"ಇಲ್ಲ ರೀ" ಅಂದೆ. "ಕಾಲು ನೋವಲ್ಲ."